ಗ್ರೀನ್ ಕಾರ್ಡ್ ಬಿಲ್ ಎಲ್ಲಿಗೆ ಬಂತು? ಅಮೆರಿಕದ ಫೆಡರಲ್ ಬಿಲ್‌ಗಳನ್ನ ನಾವೇ ಹುಡುಕಿ ಫಾಲೋ ಮಾಡೋ ಸಮಗ್ರ ಮಾರ್ಗದರ್ಶಿ

2019ರ ಜುಲೈ 10ರ ರಾತ್ರಿ ನಮ್ಮ ಕನ್ನಡ ವಾಟ್ಸಪ್ ಗ್ರೂಪಲ್ಲಿ ಮೆಸೇಜ್ ಮೇಲೆ ಮೆಸೇಜ್, ಉದ್ಯೋಗದ ಗ್ರೀನ್ ಕಾರ್ಡ್‌ಗೆ (ಕಾಯಂ ವಾಸದ ಪರವಾನಗಿ) ಇರೋ ದೇಶವಾರು ಮಿತಿ ತೆಗೆಯೋ ಬಿಲ್ ಪಾಸಾಯ್ತು, 365 ವೋಟು ಬಿತ್ತು ಅಂತ. ಒಬ್ಬರು ಆಗ್ಲೇ ಊರಿಗೆ ಫೋನ್ ಮಾಡಿ ಅಮ್ಮಂಗೆ ಹೇಳಿಬಿಟ್ಟಿದ್ರು, ಇನ್ನೊಬ್ಬರು ಇನ್ಮೇಲೆ ಧೈರ್ಯವಾಗಿ ಕೆಲಸ ಬದಲಾಯಿಸ್ಬಹುದು ಅಂತ ಲೆಕ್ಕ ಹಾಕ್ತಿದ್ರು, ನಮ್ಮನೇಲೂ ಆ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಹತ್ತಲಿಲ್ಲ. ಸುದ್ದಿ ಸುಳ್ಳಲ್ಲ, 365ಕ್ಕೆ 65 ವೋಟಲ್ಲಿ ಪಾಸಾಗಿದ್ದು ನಿಜ, ಆದ್ರೆ ಹೌಸ್‌ನಲ್ಲಿ (ಕೆಳಮನೆ) ಮಾತ್ರ. ಅದಾದ್ಮೇಲೆ ಸೆನೆಟ್ (ಮೇಲ್ಮನೆ) ಇದೆ, ಎರಡೂ ಸದನ ಒಂದೇ ಪಠ್ಯ ಒಪ್ಪಬೇಕು, ಆಮೇಲೆ ಅಧ್ಯಕ್ಷರ ಸಹಿ. ಆ ಬಿಲ್ ಅಲ್ಲಿವರೆಗೂ ಹೋಗಲೇ ಇಲ್ಲ.

ಅವತ್ತಿಂದ ನಾನು ಒಂದು ಅಭ್ಯಾಸ ಮಾಡ್ಕೊಂಡಿದೀನಿ, ಯಾವ ಬಿಲ್ ಬಗ್ಗೆ ಯಾರೇ ಏನೇ ಕಳಿಸಲಿ, ಮೊದಲು ಸರ್ಕಾರದ ವೆಬ್‌ಸೈಟಲ್ಲಿ ಅದರ ಪುಟ ತೆಗೆದು ನೋಡೋದು. ಹತ್ತು ನಿಮಿಷದ ಕೆಲಸ, ದುಡ್ಡು ಬೇಡ, ಲಾಯರ್ ಬೇಡ, ಸಿಟಿಜನ್ ಆಗಿರಬೇಕು ಅಂತಾನೂ ಇಲ್ಲ, ಬೆಂಗಳೂರಲ್ಲಿ ಕೂತವರೂ ಮಾಡಬಹುದು. ಹೇಗೆ ಅಂತ ಪೂರ್ತಿ ಬರೀತೀನಿ.

ಮೊದಲು: ಇದು ಬಿಲ್ಲೋ, ರೂಲೋ, ಅಧ್ಯಕ್ಷರ ಆದೇಶನೋ

ನಮ್ಮ ಜನ ಅರ್ಧಕ್ಕರ್ಧ ಎಡವೋದು ಇಲ್ಲೇ, ಅದಕ್ಕೇ ಹುಡುಕೋಕೆ ಮುಂಚೆನೇ ಇದನ್ನ ಇತ್ಯರ್ಥ ಮಾಡ್ಕೊಳ್ಳಿ. ಕಾಂಗ್ರೆಸ್ ಮಾಡೋದು ಕಾನೂನು (ಇಲ್ಲಿ ಕಾಂಗ್ರೆಸ್ ಅಂದ್ರೆ ಪಾರ್ಟಿ ಅಲ್ಲ, ಹೌಸ್ ಮತ್ತು ಸೆನೆಟ್ ಸೇರಿದ ಇವರ ಸಂಸತ್ತು). ಆ ಕಾನೂನಿನ ಒಳಗೆ ಇಲಾಖೆಗಳು ಮಾಡೋದು ರೂಲ್. ಅಧ್ಯಕ್ಷರು ಹೊರಡಿಸೋದು ಎಕ್ಸಿಕ್ಯುಟಿವ್ ಆರ್ಡರ್ ಅಥವಾ ಪ್ರೊಕ್ಲಮೇಷನ್. ಮೂರಕ್ಕೂ ಹುಡುಕೋ ಜಾಗ ಬೇರೆ ಬೇರೆ.

2025ರ ಸೆಪ್ಟೆಂಬರ್ 19ರಂದು ಎಚ್-1ಬಿಗೆ (ಪರಿಣತ ಕೆಲಸದವರ ವೀಸಾ) 1,00,000 ಡಾಲರ್ ಶುಲ್ಕ ಅನ್ನೋ ಸುದ್ದಿ ಬಂದಾಗ ಎಷ್ಟೋ ಜನ ‘ಇದು ಯಾವ ಬಿಲ್, ನಂಬರ್ ಹೇಳಿ’ ಅಂತ ಕೇಳ್ತಿದ್ರು. ಅದು ಬಿಲ್ಲೇ ಅಲ್ಲ, ಅಧ್ಯಕ್ಷರ ಪ್ರೊಕ್ಲಮೇಷನ್, ಕಾಂಗ್ರೆಸ್‌ನಲ್ಲಿ ಅದಕ್ಕೆ ವೋಟು ಆಗಿಲ್ಲ, 21ನೇ ತಾರೀಕಿಂದಾನೇ ಜಾರಿ. ಈಗಾಗ್ಲೇ ವೀಸಾ ಇರೋರಿಗಲ್ಲ, ಹೊಸ ಪಿಟಿಷನ್‌ಗಳಿಗೆ ಅಂತ ಮಾರನೇ ದಿನ ಯುಎಸ್‌ಸಿಐಎಸ್ (ವಲಸೆ ಅರ್ಜಿ ನೋಡೋ ಇಲಾಖೆ) ಸ್ಪಷ್ಟ ಮಾಡಿತು, ಅಷ್ಟರೊಳಗೆ ರಜಕ್ಕೆ ಊರಿಗೆ ಹೋದವರು ಎಷ್ಟು ಜನ ಟಿಕೆಟ್ ಬದಲಾಯಿಸ್ಕೊಂಡು ಓಡಿ ಬಂದ್ರು ಅಂತ ನಿಮಗೇ ಗೊತ್ತು. ಹಾಗೇ ಎಚ್-4 (ಎಚ್-1ಬಿಯವರ ಅವಲಂಬಿತರ ವೀಸಾ) ಇರೋರು ಕೆಲಸ ಮಾಡೋ ಇಎಡಿ (ಕೆಲಸದ ಪರವಾನಗಿ) ಕೂಡ ಕಾನೂನಲ್ಲ, 2015ರ ಮೇ 26ರಿಂದ ಜಾರಿಗೆ ಬಂದ ಒಂದು ರೂಲ್. ರೂಲನ್ನ ಇನ್ನೊಂದು ರೂಲ್ ತಂದು ತೆಗೀಬಹುದು, ಕಾಂಗ್ರೆಸ್ ಬೇಕಿಲ್ಲ. ಅದಕ್ಕೇ ‘ಎಚ್-4 ಇಎಡಿ ರದ್ದು’ ಅನ್ನೋ ಸುದ್ದಿ ಬಂದಾಗ ನೋಡಬೇಕಾಗಿರೋದು ಫೆಡರಲ್ ರಿಜಿಸ್ಟರ್ (ರೂಲು, ಆದೇಶ ಪ್ರಕಟ ಆಗೋ ಸರ್ಕಾರಿ ಗೆಜೆಟ್). ಅದರ ಬಗ್ಗೆ ಕೊನೇಲಿ ಬರ್ತೀನಿ, ಈಗ ಬಿಲ್ ಹಿಡ್ಕೊಳೋಣ.

ನಂಬರ್ ಹಿಡೀರಿ, ಹೆಸರನ್ನಲ್ಲ

ಬಿಲ್ ನೋಡೋ ಮುಖ್ಯ ಜಾಗ ಕಾಂಗ್ರೆಸ್ ಡಾಟ್ ಗವ್, ಲೈಬ್ರರಿ ಆಫ್ ಕಾಂಗ್ರೆಸ್ ನಡೆಸೋದು. 1995ರಿಂದ ಇದ್ದ ಥಾಮಸ್ ಅನ್ನೋ ಹಳೇ ಸೈಟನ್ನ 2016ರಲ್ಲಿ ಮುಚ್ಚಿದ್ಮೇಲೆ ಎಲ್ಲಾ ಇದರಲ್ಲೇ.

ಬಿಲ್‌ಗೆ ಒಂದು ನಂಬರ್ ಇರತ್ತೆ. ಹೌಸ್‌ನಲ್ಲಿ ಹುಟ್ಟಿದ್ರೆ ಎಚ್.ಆರ್., ಸೆನೆಟ್‌ನಲ್ಲಿ ಹುಟ್ಟಿದ್ರೆ ಬರೀ ಎಸ್. ಜಾಯಿಂಟ್ ರೆಸೊಲ್ಯೂಷನ್ ಅಂತ ಇನ್ನೊಂದಿದೆ, ಅದೂ ಎರಡೂ ಸದನ ದಾಟಿ ಸಹಿ ಬಿದ್ರೆ ಕಾನೂನೇ. ಆದ್ರೆ ಎಚ್.ರೆಸ್., ಎಸ್.ರೆಸ್. ಅಂತ ಬರೋ ಸಾದಾ ರೆಸೊಲ್ಯೂಷನ್ ಆ ಸದನದ ಅಭಿಪ್ರಾಯನೋ ಒಳಗಿನ ನಿಯಮನೋ ಅಷ್ಟೆ, ಕಾನೂನಾಗಲ್ಲ. ‘ದೀಪಾವಳಿಗೆ ಅಮೆರಿಕದ ಮಾನ್ಯತೆ’ ಥರದ ಸುದ್ದಿ ಬಂದಾಗ ಎಚ್.ಆರ್. ಇದೆಯೋ ಎಚ್.ರೆಸ್. ಇದೆಯೋ ಅಂತ ನೋಡಿ, ಅರ್ಧ ಉತ್ತರ ಅಲ್ಲೇ ಸಿಗತ್ತೆ.

ನಂಬರ್ ಜೊತೆ ಎಷ್ಟನೇ ಕಾಂಗ್ರೆಸ್ ಅನ್ನೋದು ಬೇಕೇ ಬೇಕು. ಒಂದು ಕಾಂಗ್ರೆಸ್ ಅಂದ್ರೆ ಎರಡು ವರ್ಷ. 116ನೇದು 2019ರ ಜನವರಿ 3ರಿಂದ 2021ರ ಜನವರಿ 3, 119ನೇದು 2025ರ ಜನವರಿ 3ರಿಂದ 2027ರ ಜನವರಿ 3. ಪ್ರತಿ ಸಲ ನಂಬರ್ ಮತ್ತೆ 1ರಿಂದ ಶುರು, ಹಾಗಾಗಿ 116ನೇದರ ಎಚ್.ಆರ್. 1044 ಬೇರೆ, 117ನೇದರ ಎಚ್.ಆರ್. 1044 ಬೇರೆ, ಒಂದಕ್ಕೊಂದು ಸಂಬಂಧನೇ ಇರಲ್ಲ. ಹಳೇ ಸ್ಕ್ರೀನ್‌ಶಾಟ್ ಮತ್ತೆ ಮತ್ತೆ ಸುತ್ತೋದು ಇದರಿಂದಾನೇ. ಇನ್ನೊಂದು, ಅವಧಿ ಮುಗಿದ್ರೆ ಬಾಕಿ ಇರೋ ಬಿಲ್ ಎಲ್ಲಾ ಸತ್ತಂಗೇ. ನಮ್ಮ ದೇಶದಲ್ಲಿ ಲೋಕಸಭೆ ವಿಸರ್ಜನೆ ಆದ್ರೂ ರಾಜ್ಯಸಭೆಯಲ್ಲಿ ಹುಟ್ಟಿ ಅಲ್ಲೇ ಬಾಕಿ ಇರೋ ಬಿಲ್ ಉಳ್ಕೊಳತ್ತೆ, ಇಲ್ಲಿ ಆ ಥರ ಇಲ್ಲ, ಹೌಸ್ ಆಗಲಿ ಸೆನೆಟ್ ಆಗಲಿ ಮತ್ತೆ ಮೊದಲಿಂದ ಮಂಡಿಸಬೇಕು.

ಹೆಸರು ನಂಬಬೇಡಿ ಅಂತ ಯಾಕೆ ಅಂದೆ ಅಂದ್ರೆ, 2025ರ ದೊಡ್ಡ ಟ್ಯಾಕ್ಸ್ ಕಾನೂನು ಎಲ್ಲರಿಗೂ ಗೊತ್ತಿರೋದು ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಅಂತ, ಆದ್ರೆ ಸೆನೆಟ್‌ನಲ್ಲಿ ಆಕ್ಷೇಪ ಬಂದು ಆ ಹೆಸರನ್ನ ಪಠ್ಯದಿಂದಾನೇ ತೆಗೆದುಹಾಕಿದ್ರು. ಅಂತಿಮ ಕಾನೂನಿನೊಳಗೆ ಆ ಹೆಸರು ಹುಡುಕಿದ್ರೆ ಸಿಗಲ್ಲ. ಎಚ್.ಆರ್. 1, 119ನೇ ಕಾಂಗ್ರೆಸ್ ಅಂತ ಹುಡುಕಿದ್ರೆ ನೇರ ಬರತ್ತೆ.

ನಂಬರ್ ಗೊತ್ತಿಲ್ದಿದ್ರೆ ಸರ್ಚ್ ಪೆಟ್ಟಿಗೇಲಿ ಇಂಗ್ಲಿಷಲ್ಲಿ ಪದಗುಚ್ಛನ ಡಬಲ್ ಕೋಟ್ ಒಳಗೆ ಹಾಕಿ, ಪಕ್ಕದ ಆಯ್ಕೇಲಿ ಲೆಜಿಸ್ಲೇಷನ್ ಇದೆಯಾ, ಈಗಿನ ಕಾಂಗ್ರೆಸ್ ಮಾತ್ರ ಹುಡುಕ್ತಿದೆಯಾ ಎಲ್ಲವನ್ನೂ ಹುಡುಕ್ತಿದೆಯಾ ನೋಡ್ಕೊಳ್ಳಿ. ರಿಸಲ್ಟ್ ಬಂದ್ಮೇಲೆ ಎಡಗಡೆ ಫಿಲ್ಟರ್ ಇರತ್ತೆ, ಯಾವ ಕಾಂಗ್ರೆಸ್, ಯಾವ ಸದನ, ಯಾವ ಹಂತ, ಯಾವ ವಿಷಯ ಅಂತ. ವಿಷಯದಲ್ಲಿ ಇಮಿಗ್ರೇಷನ್ ಹಾಕಿ, ಹಂತದಲ್ಲಿ ಬರೀ ಮಂಡನೆ ಆಗಿರೋದನ್ನ ಬಿಟ್ಟು ಮುಂದಕ್ಕೆ ಹೋಗಿರೋದನ್ನ ಆಯ್ಕೆ ಮಾಡಿದ್ರೆ ಪಟ್ಟಿ ಒಂದೇ ಸಲಕ್ಕೆ ಇಳಿಯತ್ತೆ. ಒಂದೊಂದು ಕಾಂಗ್ರೆಸ್‌ನಲ್ಲೂ ಹತ್ತು ಸಾವಿರಕ್ಕೂ ಮೇಲೆ ಬಿಲ್ ಬರತ್ತೆ, ಕಾನೂನಾಗೋದು ಕೆಲವೇ ನೂರು. ‘ಸಂಸದರು ಬಿಲ್ ಮಂಡಿಸಿದ್ದಾರೆ’ ಅನ್ನೋ ಸುದ್ದಿಗೆ ಎಷ್ಟು ತೂಕ ಕೊಡಬೇಕು ಅಂತ ಇದರಲ್ಲೇ ಗೊತ್ತಾಗತ್ತೆ.

ಬಿಲ್‌ನ ಪುಟ ಓದೋದು

116ನೇ ಕಾಂಗ್ರೆಸ್‌ನ ಎಚ್.ಆರ್. 1044 ತೆಗೀರಿ, ಶುರುವಲ್ಲಿ ಹೇಳಿದ ಆ ಗ್ರೀನ್ ಕಾರ್ಡ್ ಬಿಲ್ಲೇ ಇದು, ಫೇರ್‌ನೆಸ್ ಫಾರ್ ಹೈ-ಸ್ಕಿಲ್ಡ್ ಇಮಿಗ್ರಂಟ್ಸ್ ಆಕ್ಟ್. ಮುಗಿದುಹೋದ ಕಥೆ ಆಗಿರೋದ್ರಿಂದ ಕಲಿಯೋಕೆ ಒಳ್ಳೇದು. ಮೇಲೆ ಸ್ಪಾನ್ಸರ್ (ಬಿಲ್ ಮಂಡಿಸಿದವರು) ಹೆಸರು, ಕ್ಯಾಲಿಫೋರ್ನಿಯಾದ ಜೋ ಲಾಫ್‌ಗ್ರೆನ್, ಮಂಡಿಸಿದ ದಿನ 2019ರ ಫೆಬ್ರವರಿ 7. ಅದರ ಕೆಳಗೆ ಕಮಿಟಿ, ಲೇಟೆಸ್ಟ್ ಆಕ್ಷನ್, ಒಂದು ಸಾಲು ಪಟ್ಟಿ: ಮಂಡನೆ, ಹೌಸ್ ಪಾಸ್, ಸೆನೆಟ್ ಪಾಸ್, ಅಧ್ಯಕ್ಷರ ಹತ್ರ, ಕಾನೂನು. ಬಣ್ಣ ಎಲ್ಲಿಗೆ ನಿಂತಿದೆಯೋ ಬಿಲ್ ಅಲ್ಲಿಗೆ ನಿಂತಿದೆ.

ಕೆಳಗಿನ ಟ್ಯಾಬ್‌ಗಳಲ್ಲಿ ನಾನು ಮೊದಲು ಒತ್ತೋದು ಆಕ್ಷನ್ಸ್. ದಿನಾಂಕದ ಪ್ರಕಾರ ಏನೇನಾಯ್ತು ಅಂತ ಅದರಲ್ಲಿರತ್ತೆ. 2019ರ ಜುಲೈ 10ರ ಸಾಲು ನೋಡಿ, ‘ರೂಲ್ಸ್ ಸಸ್ಪೆಂಡ್ ಮಾಡಿ ಬಿಲ್ ಪಾಸ್ ಮಾಡೋ ಸೂಚನೆ, ಮೂರನೇ ಎರಡು ಭಾಗ ಬೇಕು, 365 - 65’ ಅನ್ನೋ ಅರ್ಥದ್ದು. ಈ ಒಂದು ಸಾಲಲ್ಲಿ ಎಷ್ಟು ವಿಷಯ ಇದೆ ಅಂದ್ರೆ, ಅವತ್ತು ಮಾಮೂಲಿ ದಾರೀಲಿ ಅಲ್ಲ, ಚರ್ಚೆ ಕಡಿಮೆ ಇರೋ, ತಿದ್ದುಪಡಿ ತರೋಕೆ ಬಿಡದ ಶಾರ್ಟ್‌ಕಟ್ ದಾರೀಲಿ ಪಾಸಾಯ್ತು, ಅದಕ್ಕೆ ಬರೀ ಬಹುಮತ ಸಾಲದು, ಎರಡೂ ಪಕ್ಷದವರು ಕೈ ಜೋಡಿಸಿದ್ರು. ಈ ಥರ ಸಾಲು ಓದೋಕೆ ಬಂದ್ರೆ ಮುಂದೆ ಸೆನೆಟ್‌ನಲ್ಲಿ ಏನಾಗಬಹುದು ಅಂತ ಒಂದು ಅಂದಾಜು ಸಿಗತ್ತೆ.

ಆದ್ರೂ ಸೆನೆಟ್‌ನಲ್ಲಿ ಒಬ್ಬೊಬ್ಬರ ಆಕ್ಷೇಪಣೆಗೆ ಸಿಕ್ಕಿ ಒಂದೂವರೆ ವರ್ಷ ಎಳೀತು. ಸೆನೆಟ್ ಪಾಸ್ ಮಾಡಿದ್ದು 2020ರ ಡಿಸೆಂಬರ್ 2ಕ್ಕೆ, ಯುನಾನಿಮಸ್ ಕನ್ಸೆಂಟ್ ಮೇಲೆ, ಅಂದ್ರೆ ಯಾರೂ ಬೇಡ ಅನ್ನದಿದ್ರೆ ಹೆಸರು ಕರೆದು ವೋಟು ಹಾಕಿಸದೇ ಪಾಸ್. ಆದ್ರೆ ಅವರು ಪಾಸ್ ಮಾಡಿದ್ದು ಬೇರೆ ಪಠ್ಯ, ಅದರಲ್ಲಿ ಎಚ್-1ಬಿ ಮೇಲೆ ಹೊಸ ಕಟ್ಟುಪಾಡುಗಳು ಸೇರಿದ್ವು. ಎರಡು ಸದನದ ಪಠ್ಯ ಒಂದಾಗೋಕೆ ಮುಂಚೆ 2021ರ ಜನವರಿ 3 ಬಂತು, ಅಲ್ಲಿಗೆ ಮುಗೀತು. ಮುಂದಿನ ಕಾಂಗ್ರೆಸ್‌ನಲ್ಲಿ ಅದೇ ಆಸೆ ಈಗಲ್ ಆಕ್ಟ್ ಅಂತ ಎಚ್.ಆರ್. 3648 ಆಗಿ ಬಂತು, ಕಮಿಟಿ ದಾಟಿ 2022ರ ಡಿಸೆಂಬರ್‌ನಲ್ಲಿ ಹೌಸ್ ಫ್ಲೋರ್ ಹತ್ರ ಬಂದ್ರೂ ಅಂತಿಮ ವೋಟು ಆಗಲಿಲ್ಲ. ಎರಡು ಸಲನೂ ಆ ಪುಟ ರಿಫ್ರೆಶ್ ಮಾಡ್ತಾ ಕೂತವರ ಸಂಕಟ ಏನು ಅಂತ ನನಗೆ ಗೊತ್ತು.

ಕೋಸ್ಪಾನ್ಸರ್ಸ್ (ಬೆಂಬಲಕ್ಕೆ ಹೆಸರು ಸೇರಿಸಿದವರು) ಟ್ಯಾಬಲ್ಲಿ ಯಾರು ಯಾವತ್ತು ಸೇರಿದ್ರು ಅಂತ ಇರತ್ತೆ, ನಿಮ್ಮ ಏರಿಯಾದ ಸಂಸದರು ಇದ್ದಾರಾ ನೋಡಿ. ರಿಲೇಟೆಡ್ ಬಿಲ್ಸ್ ಟ್ಯಾಬ್ ಮರೀಬೇಡಿ, ಎಚ್.ಆರ್. 1044ರ ಸೆನೆಟ್ ಜೋಡಿ ಎಸ್. 386 ಅಲ್ಲೇ ಸಿಗತ್ತೆ, ಹೌಸ್ ಪುಟ ಮಾತ್ರ ನೋಡ್ತಿದ್ರೆ ಅರ್ಧ ಕಥೆ ತಪ್ಪಿಹೋಗತ್ತೆ. ಸಮ್ಮರಿ ಬರೆಯೋರು ಕಾಂಗ್ರೆಷನಲ್ ರಿಸರ್ಚ್ ಸರ್ವಿಸ್‌ನವರು, ಪಕ್ಷಪಾತ ಇಲ್ಲದ ಸರಳ ಬರಹ, ಆದ್ರೆ ಹೊಸ ಬಿಲ್‌ಗೆ ತಕ್ಷಣ ಬರಲ್ಲ, ಮತ್ತೆ ಯಾವ ಹಂತದ ಪಠ್ಯಕ್ಕೆ ಬರೆದ ಸಮ್ಮರಿ ಅಂತ ಮೇಲೆ ನೋಡ್ಕೊಂಡೇ ಓದಬೇಕು.

ಪಠ್ಯ: ಯಾವ ಹಂತದ್ದು ಓದ್ತಿದೀರಿ?

ನನ್ನ ಕೇಳಿದ್ರೆ ಇಡೀ ಕೆಲಸದಲ್ಲಿ ಇದೇ ಮುಖ್ಯ. ಟೆಕ್ಸ್ಟ್ ಟ್ಯಾಬಲ್ಲಿ ಒಂದೇ ಬಿಲ್‌ಗೆ ನಾಲ್ಕೈದು ಪಠ್ಯ ಇರತ್ತೆ. ಇಂಟ್ರೊಡ್ಯೂಸ್ಡ್ ಅಂದ್ರೆ ಮಂಡಿಸಿದಾಗಿನದು, ರಿಪೋರ್ಟೆಡ್ ಅಂದ್ರೆ ಕಮಿಟಿ ತಿದ್ದಿ ಕಳಿಸಿದ್ದು, ಎಂಗ್ರೋಸ್ಡ್ ಅಂದ್ರೆ ಒಂದು ಸದನ ಪಾಸ್ ಮಾಡಿದ್ದು, ಎನ್‌ರೋಲ್ಡ್ ಅಂದ್ರೆ ಎರಡೂ ಸದನ ಒಪ್ಪಿ ಅಧ್ಯಕ್ಷರಿಗೆ ಹೋಗೋದು. ಮಂಡಿಸಿದ ದಿನಾನೇ ಪಠ್ಯ ಸಿಗಲ್ಲ, ಒಂದೆರಡು ದಿನ ಹಿಡಿಯತ್ತೆ, ಕೆಲವು ಸಲ ಇನ್ನೂ ತಡ.

ಹಂತ ನೋಡದಿದ್ರೆ ಏನಾಗತ್ತೆ ಅನ್ನೋದಕ್ಕೆ 2025ರಲ್ಲಿ ಊರಿಗೆ ದುಡ್ಡು ಕಳಿಸೋ ಟ್ಯಾಕ್ಸ್ ಕಥೆನೇ ಸಾಕು. ಮೇ ತಿಂಗಳಲ್ಲಿ ಮನೆಮನೆಯಲ್ಲೂ ಗಾಬರಿ, 5 ಪರ್ಸೆಂಟ್ ಕಟ್ ಮಾಡ್ತಾರಂತೆ, ಅಪ್ಪಂಗೆ ಈಗಲೇ ಒಟ್ಟಿಗೆ ಕಳಿಸಿಬಿಡೋಣ ಅಂತ. ಮೇಲೆ ಹೇಳಿದ ಎಚ್.ಆರ್. 1ರಲ್ಲಿ, ಕಮಿಟೀಲಿ ಇದ್ದಾಗ 5 ಪರ್ಸೆಂಟ್ ಇದ್ದದ್ದು ನಿಜ. ಮೇ 22ಕ್ಕೆ ಹೌಸ್ 215 - 214ರಲ್ಲಿ ಪಾಸ್ ಮಾಡೋ ಹೊತ್ತಿಗೆ ಅದು 3.5 ಆಗಿತ್ತು, ಸಿಟಿಜನ್‌ಗಳಿಗೆ ವಿನಾಯಿತಿ ಇಟ್ಟಿದ್ರು, ಅಂದ್ರೆ ಹೊಡೆತ ಎಚ್-1ಬಿ, ಗ್ರೀನ್ ಕಾರ್ಡ್‌ನವರಿಗೆ. ಜುಲೈ 1ಕ್ಕೆ ಸೆನೆಟ್ ಪಾಸ್ ಮಾಡಿದ ಪಠ್ಯದಲ್ಲಿ 1 ಪರ್ಸೆಂಟ್‌ಗೆ ಇಳೀತು, ಸಿಟಿಜನ್ ಹೌದೋ ಅಲ್ಲವೋ ಅನ್ನೋ ಭೇದ ಹೋಯ್ತು. ಜುಲೈ 4ಕ್ಕೆ ಸಹಿ ಬಿದ್ದು ಪಬ್ಲಿಕ್ ಲಾ 119-21 (119ನೇ ಕಾಂಗ್ರೆಸ್‌ನ 21ನೇ ಕಾನೂನು) ಆಯ್ತು.

ಈಗ ನೀವೇ ಮಾಡಿ ನೋಡಿ. 119ನೇ ಕಾಂಗ್ರೆಸ್‌ನ ಎಚ್.ಆರ್. 1 ತೆಗೆದು ಟೆಕ್ಸ್ಟ್‌ಗೆ ಹೋಗಿ, ಮೊದಲು ಎಂಗ್ರೋಸ್ಡ್ ಇನ್ ಹೌಸ್ ಆಯ್ಕೆ ಮಾಡಿ, ಕಂಟ್ರೋಲ್ ಎಫ್ ಒತ್ತಿ ಇಂಗ್ಲಿಷಲ್ಲಿ ರೆಮಿಟನ್ಸ್ ಅಂತ ಟೈಪ್ ಮಾಡಿ, ಸಿಕ್ಕಿದ ಭಾಗ ಓದಿ. ಆಮೇಲೆ ಎನ್‌ರೋಲ್ಡ್ ಅಥವಾ ಪಬ್ಲಿಕ್ ಲಾ ಪಠ್ಯ ತೆಗೆದು ಅದನ್ನೇ ಮಾಡಿ, ಸೆಕ್ಷನ್ 70604ಕ್ಕೆ ಬರ್ತೀರಿ. ನಗದು, ಮನಿ ಆರ್ಡರ್, ಕ್ಯಾಷಿಯರ್ಸ್ ಚೆಕ್ ಈ ಥರ ಕೈಯಲ್ಲಿ ಕೊಡೋ ದುಡ್ಡಿಗೆ ಮಾತ್ರ 1 ಪರ್ಸೆಂಟ್, ಇಲ್ಲಿನ ಬ್ಯಾಂಕ್ ಅಕೌಂಟಿಂದ ಅಥವಾ ಅಮೆರಿಕದಲ್ಲಿ ಕೊಟ್ಟ ಡೆಬಿಟ್, ಕ್ರೆಡಿಟ್ ಕಾರ್ಡಿಂದ ಕಳಿಸಿದ್ರೆ ಇಲ್ಲ, ಜಾರಿ 2025ರ ಡಿಸೆಂಬರ್ 31 ಆದ್ಮೇಲೆ ಕಳಿಸೋದಕ್ಕೆ. ನಮ್ಮವರಲ್ಲಿ ಬಹಳ ಜನ ಆಪ್‌ನಲ್ಲಿ ಬ್ಯಾಂಕ್ ಅಕೌಂಟಿಂದಾನೇ ಕಳಿಸೋದು, ಅವರಿಗೆ ಈ ಟ್ಯಾಕ್ಸೇ ಇಲ್ಲ. ಮೇ ತಿಂಗಳ ಗಾಬರೀಲಿ ಕೂಡಿಟ್ಟಿದ್ದೆಲ್ಲಾ ಒಟ್ಟಿಗೆ ಕಳಿಸಿದವರು ನನಗೆ ಗೊತ್ತಿದ್ದಾರೆ, ನೋಡಿದ್ರೆ ಬೇಜಾರಾಗತ್ತೆ.

ಪಠ್ಯ ಅರ್ಥ ಆಗ್ತಿಲ್ಲ ಅಂದ್ರೆ

ಬಿಲ್ ತೆಗೆದು ನೋಡಿದವರು ಹೆದರಿ ಮುಚ್ಚೋದು ಯಾಕೆ ಅಂದ್ರೆ, ಅದರಲ್ಲಿ ಪೂರ್ತಿ ವಾಕ್ಯಾನೇ ಇರಲ್ಲ. ಎಚ್.ಆರ್. 1044ರಲ್ಲಿ ಇರೋದು, ಇಮಿಗ್ರೇಷನ್ ಆ್ಯಂಡ್ ನ್ಯಾಷನಾಲಿಟಿ ಆಕ್ಟ್‌ನ ಸೆಕ್ಷನ್ 202(ಎ)(2)ರಲ್ಲಿ ‘7’ ಹೊಡೆದುಹಾಕಿ ‘15’ ಸೇರಿಸಿ, ಈ ಪದ ತೆಗೀರಿ, ಆ ಪದ ಹಾಕಿ, ಹೀಗೇ. ಹಾಗಾಗಿ ಹಳೇ ಕಾನೂನನ್ನ ಪಕ್ಕದಲ್ಲಿ ತೆಗೆದಿಟ್ಟುಕೊಳ್ಳಲೇಬೇಕು. ಅದಕ್ಕೆ ಯುಎಸ್‌ಕೋಡ್ ಡಾಟ್ ಹೌಸ್ ಡಾಟ್ ಗವ್. ಇಲ್ಲೊಂದು ತೊಡಕಿದೆ, ಆಕ್ಟ್‌ನ ಸೆಕ್ಷನ್ ನಂಬರ್ ಬೇರೆ, ಕೋಡ್‌ನ (ಫೆಡರಲ್ ಕಾನೂನುಗಳನ್ನ ವಿಷಯವಾರು ಜೋಡಿಸಿದ ಸಂಗ್ರಹ) ನಂಬರ್ ಬೇರೆ. ಆಕ್ಟ್‌ನ 202 ಕೋಡ್‌ನಲ್ಲಿ ಟೈಟಲ್ 8, ಸೆಕ್ಷನ್ 1152. ಬಿಲ್‌ನಲ್ಲೇ ಬಹಳ ಸಲ ಎರಡೂ ಕೊಟ್ಟಿರ್ತಾರೆ, ‘8 ಯು.ಎಸ್.ಸಿ. 1152’ ಅಂತ.

ಎರಡನ್ನೂ ಪಕ್ಕಪಕ್ಕ ಇಟ್ಟು, ಪೇಪರಲ್ಲಿ ಆ ಪ್ಯಾರಾ ಬರ್ಕೊಂಡು, ಹೊಡೆಯೋದು ಹೊಡೆದು ಸೇರಿಸೋದು ಸೇರಿಸಿ. ಆಗ ಕಾಣತ್ತೆ, ಒಂದು ದೇಶಕ್ಕೆ ವರ್ಷಕ್ಕೆ 7 ಪರ್ಸೆಂಟ್ ಅನ್ನೋ ಮಿತಿ ಉದ್ಯೋಗದ ಗ್ರೀನ್ ಕಾರ್ಡಿಂದ ಪೂರ್ತಿ ಹೋಗ್ತಿತ್ತು, ಕುಟುಂಬದ್ದಕ್ಕೆ ಅದು 15 ಆಗ್ತಿತ್ತು ಅಂತ. ಒಟ್ಟು ಕಾರ್ಡಿನ ಸಂಖ್ಯೆ ಮಾತ್ರ ಒಂದೂ ಜಾಸ್ತಿ ಆಗ್ತಿರಲಿಲ್ಲ. ಇದನ್ನ ಯಾವ ಫಾರ್ವರ್ಡ್ ಕೂಡ ನನಗೆ ಹೇಳಿರಲಿಲ್ಲ, ಪೇಪರ್ ಮೇಲೆ ಬರೆದಾಗಲೇ ಕಂಡಿದ್ದು.

ಪುಟ ಸತ್ತಿದ್ರೂ ವಿಷಯ ಬದುಕಿರಬಹುದು

ಒಂದು ಬಿಲ್‌ನ ಪುಟದಲ್ಲಿ ‘ಮಂಡನೆ’ ಅಂತಷ್ಟೇ ಇದ್ರೂ ಅದರೊಳಗಿನ ಮಾತು ಇನ್ನೊಂದು ದೊಡ್ಡ ಬಿಲ್ ಒಳಗೆ ಸೇರಿ ಕಾನೂನಾಗಿರಬಹುದು. ಇಬಿ-5 ಹೂಡಿಕೆ ವೀಸಾದ ಸುಧಾರಣೆ ಹಾಗೇ ಆಯ್ತು, 2022ರ ಮಾರ್ಚ್ 15ಕ್ಕೆ ಸಹಿ ಬಿದ್ದ ಬಜೆಟ್ ಬಿಲ್‌ನ, ಅಂದ್ರೆ ಪಬ್ಲಿಕ್ ಲಾ 117-103ರ ಒಂದು ಭಾಗವಾಗಿ. ಅದಕ್ಕೇ ವರ್ಷದ ಕೊನೇಲಿ ಬರೋ ಖರ್ಚಿನ ಬಿಲ್, ರಕ್ಷಣಾ ಬಿಲ್‌ಗಳ ಪಠ್ಯದಲ್ಲಿ ನಿಮ್ಮ ಪದ ಹುಡುಕೋ ಅಭ್ಯಾಸ ಇಟ್ಕೊಳ್ಳಿ. ಆ ವಾರ ಹೌಸ್‌ನಲ್ಲಿ ಏನು ಬರ್ತಿದೆ ಅನ್ನೋಕೆ ಡಾಕ್ಸ್ ಡಾಟ್ ಹೌಸ್ ಡಾಟ್ ಗವ್ ಇದೆ.

ಯಾರು ಯಾವ ಕಡೆ ವೋಟು ಹಾಕಿದ್ರು ಅಂತ ಹೌಸ್‌ಗೆ ಕ್ಲರ್ಕ್ ಡಾಟ್ ಹೌಸ್ ಡಾಟ್ ಗವ್, ಸೆನೆಟ್‌ಗೆ ಸೆನೆಟ್ ಡಾಟ್ ಗವ್. ರೋಲ್ ಕಾಲ್ (ಒಬ್ಬೊಬ್ಬರ ವೋಟು ದಾಖಲಾಗೋದು) ಆದ್ರೆ ಮಾತ್ರ ಹೆಸರು, ವಾಯ್ಸ್ ವೋಟು, ಯುನಾನಿಮಸ್ ಕನ್ಸೆಂಟ್ ಆದ್ರೆ ಹೆಸರಿನ ಪಟ್ಟಿ ಇರಲ್ಲ. ಸಹಿ ಆದ ಕಾನೂನಿನ ಅಧಿಕೃತ ಪಿಡಿಎಫ್ ಬೇಕಾದ್ರೆ ಗವ್‌ಇನ್ಫೋ ಡಾಟ್ ಗವ್, ಅದರಲ್ಲಿ ಸರ್ಕಾರಿ ಮುದ್ರಣಾಲಯದ ಡಿಜಿಟಲ್ ಸಹಿ ಇರತ್ತೆ.

ರೂಲ್ ಮತ್ತು ಆದೇಶ ಹಿಡಿಯೋದು

ಫೆಡರಲ್ ರಿಜಿಸ್ಟರ್ ಡಾಟ್ ಗವ್‌ನಲ್ಲಿ ಕೆಲಸದ ದಿನ ಎಲ್ಲಾ ಹೊಸ ಸಂಚಿಕೆ. ಹುಡುಕಿದಾಗ ಪ್ರತಿಯೊಂದರ ಮೇಲೂ ಜಾತಿ ಬರೆದಿರತ್ತೆ: ಪ್ರೊಪೋಸ್ಡ್ ರೂಲ್, ರೂಲ್, ನೋಟಿಸ್, ಪ್ರೆಸಿಡೆನ್ಷಿಯಲ್ ಡಾಕ್ಯುಮೆಂಟ್. ಪ್ರೊಪೋಸ್ಡ್ ಅಂದ್ರೆ ಇನ್ನೂ ಪ್ರಸ್ತಾವ, ಜಾರಿ ಆಗಿಲ್ಲ. 2025ರ ಸೆಪ್ಟೆಂಬರ್ 24ಕ್ಕೆ ಎಚ್-1ಬಿ ಲಾಟರೀಲಿ ಜಾಸ್ತಿ ಸಂಬಳದವರಿಗೆ ಜಾಸ್ತಿ ಅವಕಾಶ ಕೊಡೋ ರೂಲ್ ಬಂದಿದ್ದು ಮೊದಲು ಹೀಗೇ, ಜನರ ಅಭಿಪ್ರಾಯಕ್ಕೆ 30 ದಿನ ಕೊಟ್ಟಿದ್ರು. ಅಭಿಪ್ರಾಯ ಬರೆಯೋದು ರೆಗ್ಯುಲೇಷನ್ಸ್ ಡಾಟ್ ಗವ್‌ನಲ್ಲಿ, ಸಿಟಿಜನ್ ಅಲ್ಲದವರೂ ಬರೀಬಹುದು, ದಯವಿಟ್ಟು ಬರೀರಿ. ಯಾರದೋ ಕಾಪಿ ಪೇಸ್ಟ್ ಮಾಡೋ ಬದಲು ನಿಮ್ಮ ಮನೆ ಪರಿಸ್ಥಿತಿ ನಿಮ್ಮ ಮಾತಲ್ಲಿ ಬರೀರಿ, ಆದ್ರೆ ಅದು ಎಲ್ಲರಿಗೂ ಕಾಣತ್ತೆ, ಪಾಸ್‌ಪೋರ್ಟ್ ನಂಬರ್, ಕೇಸ್ ನಂಬರ್ ಹಾಕಬೇಡಿ. ರೂಲ್ ಪ್ರಕಟ ಆಗೋಕೆ ಮುಂಚೆ ಶ್ವೇತಭವನದ ಪರಿಶೀಲನೆಗೆ ಹೋಗಿದೆಯಾ ಅನ್ನೋದು ರೆಗ್‌ಇನ್ಫೋ ಡಾಟ್ ಗವ್‌ನಲ್ಲಿ ಕಾಣತ್ತೆ, ಸುದ್ದಿ ಬರೋಕೆ ವಾರಗಟ್ಟಲೆ ಮುಂಚೆನೇ.

ಅಲರ್ಟ್ ಇಟ್ಟು ಬಿಡಿ

ದಿನಾ ಹೋಗಿ ನೋಡ್ತಾ ಕೂರಬೇಡಿ, ಮನಸ್ಸಿಗೆ ಒಳ್ಳೇದಲ್ಲ. ಕಾಂಗ್ರೆಸ್ ಡಾಟ್ ಗವ್‌ನಲ್ಲಿ ಫ್ರೀ ಅಕೌಂಟ್ ಮಾಡಿ, ಬಿಲ್‌ನ ಪುಟದಲ್ಲಿ ಗೆಟ್ ಅಲರ್ಟ್ಸ್ ಒತ್ತಿದ್ರೆ ಏನಾದ್ರೂ ಆದಾಗ ಈಮೇಲ್ ಬರತ್ತೆ. ಸರ್ಚನ್ನೂ ಸೇವ್ ಮಾಡಿ ಅಲರ್ಟ್ ಇಡಬಹುದು, ನಾನು ‘8 ಯು.ಎಸ್.ಸಿ. 1152’ ಅನ್ನೋದನ್ನೇ ಇಂಗ್ಲಿಷಲ್ಲಿ ಕೋಟ್ ಒಳಗೆ ಹಾಕಿ ಸೇವ್ ಮಾಡಿದೀನಿ, ಯಾರು ಯಾವ ಹೆಸರಲ್ಲಿ ಬಿಲ್ ತಂದ್ರೂ ದೇಶದ ಮಿತಿ ಮುಟ್ಟಬೇಕು ಅಂದ್ರೆ ಆ ಸೆಕ್ಷನ್ ಹೆಸರು ಎತ್ತಲೇಬೇಕಲ್ಲ. ಪ್ರೋಗ್ರಾಮ್ ಬರೆಯೋರಿಗೆ ಲೈಬ್ರರಿಯವರದ್ದೇ ಎಪಿಐ (ಪ್ರೋಗ್ರಾಮ್‌ಗೆ ನೇರ ಮಾಹಿತಿ ಕೊಡೋ ದಾರಿ) ಇದೆ, ಕೀ ಫ್ರೀ, ಗಂಟೆಗೆ 5,000 ರಿಕ್ವೆಸ್ಟ್‌ವರೆಗೆ ಬಿಡ್ತಾರೆ, ನಿಮ್ಮ ಗ್ರೂಪಿಗೆ ಒಂದು ಸಣ್ಣ ಬಾಟ್ ಮಾಡೋಕೆ ಧಾರಾಳ ಸಾಕು. ಫೆಡರಲ್ ರಿಜಿಸ್ಟರ್‌ನಲ್ಲೂ ಸರ್ಚ್‌ಗೆ ಈಮೇಲ್ ಹಾಕಿಸ್ಕೊಬಹುದು.

ನಾನು ಗ್ರೂಪಿಗೆ ಏನಾದ್ರೂ ಹಾಕೋ ಮುಂಚೆ ನಾಲ್ಕೇ ವಿಷಯ ಬರ್ಕೋತೀನಿ, ನಂಬರ್, ಎಷ್ಟನೇ ಕಾಂಗ್ರೆಸ್, ಕೊನೇ ಆಕ್ಷನ್ ಏನು ಯಾವ ತಾರೀಕು, ನಾನು ಓದಿದ ಪಠ್ಯ ಯಾವ ಹಂತದ್ದು. ಅದರ ಜೊತೆ ಪುಟದ ಲಿಂಕ್. 2027ರ ಜನವರಿ 3ಕ್ಕೆ ಈಗಿನ ಬಿಲ್‌ಗಳ ಅಲರ್ಟ್ ಎಲ್ಲಾ ನಿಂತೋಗತ್ತೆ, ಅವತ್ತು ಅದೇ ಸೆಕ್ಷನ್ ನಂಬರ್ ಹಿಡಿದು 120ನೇ ಕಾಂಗ್ರೆಸ್‌ನಲ್ಲಿ ಹೊಸದಾಗಿ ಹುಡುಕಿ, ಹೊಸ ನಂಬರಿಗೆ ಅಲರ್ಟ್ ಹಾಕ್ಕೊಳ್ಳಿ.